ಕೊಟ್ರಪ್ಪನವರು ಹುಟ್ಟಿ ಬೆಳೆದ ಮನೆ

"ಏ ಗುತ್ತಿ, ಆ ಹೊಲಸು ಸೀರಿ ತಗೀತೀಯೋ, ಇಲ್ಲಾ ನಾನ ಹರದು ಗಟಾರಕ್ಕ ಒಗೀಲ್ಯೋ? ದೊಡ್ಡವರ ಹೆಸರು ಬರೂ ಗ್ವಾಡಿ ಮ್ಯಾಲೆ ಒಣ ಹಾಕ್ಯಾಳ ನೋಡು, ಹಲ್ಕಾ ಹೆಂಗಸು!"

ಬ್ಯಾಡಗಿಯ ಮಾದರ ಓಣಿಯಲ್ಲಿ, ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಗುತ್ತೆವ್ವ ತಲೆ ಎತ್ತಿದಳು. ಬೈಯುತ್ತಿದ್ದವನು ಶಂಭುಲಿಂಗ, ಮೆಣಸಿನಕಾಯಿ ಸಾವಕಾರ ಶಶಿಕಾಂತನ ಗುಮಾಸ್ತ. ಬೈಗುಳ ಹೊಸದಲ್ಲ. ಆ ಬಾಯಿಂದ ಒಳ್ಳೆಯ ಮಾತು ಬಂದ ದಿನವೇ ಅವಳಿಗೆ ಹೆದರಿಕೆ. ಹೊಸದೆಂದರೆ, ಅವನ ಹಿಂದೆ ಗೋಡೆ ಕಟ್ಟುವ ಇಬ್ಬರು ಗೌಂಡಿಗಳು ಏದುಸಿರು ಬಿಡುತ್ತ ಹೊತ್ತು ತಂದಿದ್ದ ಕರಿಕಲ್ಲು. ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ.

"ಏನ್ ಬರದೈತ್ರಿ ಅದರಾಗ?"

"ದಿವಂಗತ ಕೊಟ್ರಪ್ಪನವರು ಹುಟ್ಟಿ ಬೆಳೆದ ಮನೆ, ಅಂತ. ನಮ್ಮ ಸಾವಕಾರ್ರ ಅಪ್ಪಾರು. ಇನ್ನ ಮ್ಯಾಲೆ ನಿಮ್ಮದು ಐತಿಹಾಸಿಕ ಓಣಿ. ನಸೀಬ ತೆರೀತು ನಿಮ್ಮದು."

"ಅವರು ಹುಟ್ಟಿದ್ದು ಪ್ಯಾಟ್ಯಾಗಿನ ಮಾಳಿಗಿ ಮನ್ಯಾಗಲ್ರಿ? ಇದು ನಮ್ಮ ಮಾವ ಮಣ್ಣು ತುಳದು ಕಟ್ಟಿದ ಮನಿ."

"ನೀ ಬಂದು ಬಾಣಂತನ ಮಾಡಿದ್ಯೇನು? ಬಾಯಿ ಮುಚ್ಚು. ಹಿರ್ಯಾರು ಬಡತನದಾಗ ಹುಟ್ಟಿದ್ರು ಅಂದ್ರ ಭಾಷಣಕ್ಕ ಚಂದ ಕಾಣತೈತಿ."

ಗುತ್ತೆವ್ವ ಸೀರೆ ತೆಗೆದಳು. ಆದರೆ ಕಣ್ಣು ತೆಗೆಯಲಿಲ್ಲ. ಈ ಓಣಿಯ ಗೋಡೆಗಳ ಮೇಲೆ ಒಳ್ಳೆಯದಕ್ಕೆಂದು ಯಾರೂ ಏನನ್ನೂ ಬರೆದಿದ್ದಿಲ್ಲ. ಹಿಂದೊಮ್ಮೆ ಯಾರೋ ಬಂದು ಕೆಂಪು ಬಣ್ಣದ ಗೆರೆ ಎಳೆದು ಹೋದರು; ಮುಂದಿನ ಸಾಲಿನ ಮನೆಗಳೆಲ್ಲ ರಸ್ತೆಯಾದವು. ಆಗ ಮನೆ ಕಳೆದುಕೊಂಡು ಪಕ್ಕದ ಸಂದಿಗೆ ಬಂದವಳು ಚಮನಬಿ, ಇನ್ನೂ ಅಲ್ಲೇ ಇದ್ದಾಳೆ. ಗೆರೆಗೇ ಅಷ್ಟಾದರೆ ಕಲ್ಲಿಗೆ ಎಷ್ಟು?

ಗೌಂಡಿಗಳು ಗೋಡೆ ಅಳೆದರು, ಅದು ಸರಿ. ಶಂಭುಲಿಂಗ ಮಾತ್ರ ಟೇಪು ಹಿಡಿದು ಮನೆಯೊಳಗೇ ನುಗ್ಗಿ, ಒಲೆ ದಾಟಿ, ಹಿತ್ತಲು ದಾಟಿ, ಸಾವಕಾರನ ಕೋಲ್ಡ್ ಸ್ಟೋರೇಜಿನ ಹಿಂಗೋಡೆ ಮುಟ್ಟಿ ಬಂದ. ಸತ್ತವರ ನೆನಪಿಗೆ ಅಷ್ಟುದ್ದದ ಅಳತೆ ಯಾಕೆ ಬೇಕು? ಕೋಲ್ಡ್ ಸ್ಟೋರೇಜಿಗೆ ದಾರಿ ಹುಡುಕುವ ಲಾರಿಗೆ ಬೇಕು.

"ಕಲ್ಲು ಹಚ್ಚಿದ ಮ್ಯಾಲೆ ನಾವ್ ಎಲ್ಲಿರೂದ್ರಿ?"

"ಆಮ್ಯಾಲೆ ಇದು ಸ್ಮಾರಕ. ಸ್ಮಾರಕದಾಗ ಯಾರರ ಒಲಿ ಹಚ್ಚತಾರನು? ಊರ ಹೊರಗ ತಗಡಿನ ಶೆಡ್ ಕೊಡಸ್ತೇವಿ, ಹೋಗಿ ಬೀಳ್ರಿ."

ಸಂಜೆ, ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ಮಗ ಮೈಲೇಶ ಬಂದವನೇ ಕಲ್ಲು ನೋಡಿದ. ಟವೆಲ್ಲನ್ನು ಶಲ್ಯದಂತೆ ಹೊದ್ದು, ಇಲ್ಲದ ಹೊಟ್ಟೆಯನ್ನು ಮುಂದೆ ತಳ್ಳಿ, ಶಶಿಕಾಂತ ಸಾವಕಾರನ ಹಾಗೆಯೇ ಮೂಗಿನಲ್ಲೊಮ್ಮೆ ಕೆಮ್ಮಿದ.

"ಆತ್ಮೀಯ ಬಂಧುಗಳೇ! ನಮ್ಮ ತಂದಿಯವರು ಇದ ಮನ್ಯಾಗ ಹುಟ್ಟಿ, ಇದ ಗಟಾರದ ಗಾಳಿ ಕುಡದು, ಕೋಲ್ಡ್ ಸ್ಟೋರೇಜು ಹಡದರು!"

"ಹಾಯ್ ಅಲ್ಲಾ, ಥೇಟ್ ಅವನ!" ಚಮನಬಿ ಸೆರಗು ಬಾಯಿಗೊತ್ತಿ ನಕ್ಕಳು.

ಗುತ್ತೆವ್ವ ನಗಲಿಲ್ಲ. "ಎಲ್ಲಿ ಹುಟ್ಟಿದ್ರು ಅಂದಿ?"

"ಇದ ಮನ್ಯಾಗ."

"ಯಾರ ಮನಿ ಇದು?"

"ನಮ್ಮದು."

"ನಾವು ಯಾರು?"

ಮೈಲೇಶನ ಹೊಟ್ಟೆ ಒಳಗೆ ಹೋಯಿತು. "ಯವ್ವಾ, ಬ್ಯಾಡಬೇ. ನಾಳಿಂದ ನನ್ನ ಮಾರ್ಕೆಟ್ಟಿನ್ಯಾಗ ಕಾಲಿಡಾಕ ಬಿಡಂಗಿಲ್ಲ."

"ಮನೀನ ಹೋದ ಮ್ಯಾಲೆ ಕಾಲು ಎಲ್ಲಿಡ್ತೀ?"

ಉದ್ಘಾಟನೆಯ ದಿನ ಗಟಾರದ ಮೇಲೆ ಕೆಂಪು ಜಮಖಾನೆ ಬಿತ್ತು. ಹಾವೇರಿಯಿಂದ ಸಾಹೇಬರೊಬ್ಬರು ಬಂದರು, ಮೊಬೈಲು ಹಿಡಿದ ಹುಡುಗರು ಬಂದರು. ಶಶಿಕಾಂತ ಮೂಗಿನಲ್ಲಿ ಕೆಮ್ಮಿ, "ಆತ್ಮೀಯ ಬಂಧುಗಳೇ, ನನ್ನ ತಂದೆಯವರು ಇದೇ ಬಡ ಮನೆಯಲ್ಲಿ ಹುಟ್ಟಿ..." ಎಂದು ಶುರು ಮಾಡಿದ. ಗಟಾರವೊಂದನ್ನು ಬಿಟ್ಟರೆ ಉಳಿದುದೆಲ್ಲ ಮೈಲೇಶನದೇ ಭಾಷಣ. ಆ ಅಣಕ ಆಗಲೇ ನೋಡಿದ್ದ ಅವನ ಜೊತೆಯ ಹಮಾಲರು ಕೆಳದುಟಿ ಕಚ್ಚಿ ನಿಂತಿದ್ದರು. ಪರದೆ ಸರಿಯಿತು, ಚಪ್ಪಾಳೆ ಬಿತ್ತು.

ಆಗ ಗುತ್ತೆವ್ವ ಒಳಗಿನಿಂದ ಬಂದಳು. ಒಂದು ಕೈಯಲ್ಲಿ ತಂಬಿಗೆ ನೀರು, ಇನ್ನೊಂದರಲ್ಲಿ ಜೋಳದ ರೊಟ್ಟಿ, ಮೇಲೆ ಪುಂಡಿಪಲ್ಲೆ. ಯಾರೂ ತಡೆಯಲಿಲ್ಲ. ಸನ್ಮಾನಕ್ಕೆ ಬಂದಳೆಂದುಕೊಂಡರು.

"ಬಾರೋ ಮಗನ ಶಶಿಕಾಂತಾ!"

ಸಾಹೇಬರು ಹೊರಳಿ ನೋಡಿದರು.

"ನಿಮ್ಮಪ್ಪ ಈ ಮನ್ಯಾಗ ಹುಟ್ಟ್ಯಾನಂದ್ರ ನನ್ನ ಗಂಡಗ ಅಣ್ಣ, ನನಗ ಭಾವ. ಇಷ್ಟು ದಿನ ಬಾಯಿ ಬಿಡಲಿಲ್ಲಲ್ಲೋ ಯಪ್ಪಾ. ಯಾಕ, ನಾವು ಮಾದರು ಅಂತ ನಾಚಿಕಿ ಬಂತೇನು?"

ಹಿಂದಿನಿಂದ ಸಾವಕಾರನ ದನಿಯೇ ಕೇಳಿಸಿತು: "ಆತ್ಮೀಯ ಬಂಧುಗಳೇ, ನನಗೂ ಗೊತ್ತಿರಲಿಲ್ಲ!" ತಿರುಗಿ ನೋಡಿದರೆ ಮೈಲೇಶ ಮುಗ್ಧನಂತೆ ಆಕಾಶ ನೋಡುತ್ತಿದ್ದ. ತಡೆದಿಟ್ಟ ನಗುವೆಲ್ಲ ಒಮ್ಮೆಲೇ ಒಡೆಯಿತು.

"ಏ ಬಾಡ್ಯಾ, ನಿನ್ನ..." ಎಂದು ಶಂಭುಲಿಂಗ ನುಗ್ಗಿದ. ಶಶಿಕಾಂತ ಅವನ ರಟ್ಟೆ ಹಿಡಿದು ನಿಲ್ಲಿಸಿದ. ಮೊಬೈಲುಗಳೆಲ್ಲ ಇತ್ತಲೇ ತಿರುಗಿದ್ದವು.

ಗುತ್ತೆವ್ವ ರೊಟ್ಟಿ ಮುರಿದಳು. "ಮನಿ ನಿಂದು ಅಂತ ಕಲ್ಲು ಹೇಳ್ತೈತಿ. ಖರೇನ ನಿಂದಾಗಿದ್ರ ತುತ್ತು ತಿಂದು, ನೀರು ಕುಡದು, ಹೊಸ್ತಿಲ ದಾಟಿ ಒಳಗ ಬಾ. ಮಾದರ ಪೈಕಿ ಅಂತ ಊರಿಗೆ ಹೇಳು. ಇಲ್ಲಾಂದ್ರ ಕಲ್ಲು ಕೀಳಸು. ಎರಡೂ ನಮಗ ನಡೀತೈತಿ."

"ತಗೋರಿ ಸಾವಕಾರ್ರ," ಎಂದರು ಹಾವೇರಿಯ ಸಾಹೇಬರು, ನಗು ಮುಚ್ಚಿದ ಕರವಸ್ತ್ರದ ಹಿಂದಿನಿಂದ. "ಪ್ರೀತಿಲೆ ಕೊಡಾಕತ್ತಾರ."

ಶಶಿಕಾಂತ ನಕ್ಕ. ಚಮನಬಿಗಿಂತ, ಹಮಾಲರಿಗಿಂತ, ಅಲ್ಲಿದ್ದ ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಕುಣಿಸಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ. "ನಮ್ಮ ಗುತ್ತೆವ್ವಾರು ಭಾಳ ಚಾಷ್ಟಿ ಮಾಡ್ತಾರ," ಎನ್ನುತ್ತ ಮತ್ತೆ ನಕ್ಕ. ಗುತ್ತೆವ್ವ ಆ ತೆರೆದ ಬಾಯಿಯ ಮುಂದೆ ತುತ್ತು ಹಿಡಿದು, ರೆಪ್ಪೆ ಬಡಿಯದೆ ನಿಂತಿದ್ದಳು. ನಗು ನಿಲ್ಲಿಸಿದರೆ ತಿನ್ನಬೇಕು, ಇಲ್ಲವೇ ಒಲ್ಲೆ ಎನ್ನಬೇಕು. ಸುತ್ತಲಿನವರದೆಲ್ಲ ನಗು ಮುಗಿಯಿತು. ಅವನು ಇನ್ನೂ ನಗುತ್ತಲೇ ಇದ್ದ.