ಮೂರು ಸುತ್ತು

"ಇದ ಭಾಳ ಬಿರಸ ಆತು," ಎಂದಳು ಗುಡ್ಡವ್ವ. "ನಾ ಎಷ್ಟ ವಾಲಿದ್ರೂ ಹಲಗಿ ಹೊಳ್ಳವಲ್ದು. ಇದಕ್ಕಿಂತ ಮೆತ್ತಂದ ಹಾಕು."

ಉದ್ದಪ್ಪ ಅಂಗಳದಲ್ಲಿ ಕಾಲು ಚಾಚಿ ಕೂತು ಗಾಲಿ ಹಚ್ಚಿದ ಹಲಗೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡಿದ್ದ. ಪಕ್ಕದ ಚಿಂದಿಯ ಮೇಲೆ ರಬ್ಬರಿನ ಬಿಲ್ಲೆಗಳಿದ್ದವು. ಲಾರಿಯ ಟಾಯರಿನಿಂದ ಕೊಯ್ದು ತೆಗೆದ ಗಟ್ಟಿಯವು, ಹಳೆಯ ಚಪ್ಪಲಿಯ ಅಟ್ಟೆಯಿಂದ ಕತ್ತರಿಸಿದವು, ಸೈಕಲ್ಲಿನ ಟ್ಯೂಬನ್ನು ಪದರ ಪದರವಾಗಿ ಸುತ್ತಿ ಮಾಡಿದ ಮೆತ್ತನೆಯವು. ಟಾಯರಿನವನ್ನು ಹಾಕಿ ಆಗಿತ್ತು, ಅಟ್ಟೆಯವನ್ನೂ ಹಾಕಿ ನೋಡಿ ಆಗಿತ್ತು.

"ಮೆತ್ತಂದ ಹಾಕಿದ್ರ ತೂಗ್ಯಾಡತೈತಿ. ಬೀಳತಿ," ಎಂದ.

"ಬಿದ್ರ ಎಷ್ಟ ಎತ್ತರದಿಂದ ಬೀಳತೇನಿ? ನಾಕ ಬಟ್ಟ."

ಒಲೆಯ ಮುಂದಿದ್ದ ಉದ್ದಪ್ಪನ ಹೆಂಡತಿ ಕೆಂಪವ್ವ ನಕ್ಕಳು. ಉದ್ದಪ್ಪ ನಗಲಿಲ್ಲ. ಆದರೂ ಪಾನಾ ತೆಗೆದುಕೊಂಡು ನಟ್ಟು ಬಿಚ್ಚಿದ.

ಗುಡ್ಡವ್ವ ಅವನ ಒಬ್ಬಳೇ ತಂಗಿ. ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು, ಜ್ವರ ಇಳಿಯುವಾಗ ಎರಡೂ ಕಾಲಿನ ಬಲವನ್ನು ತೆಗೆದುಕೊಂಡು ಹೋಯಿತು. ಆಗ ಉದ್ದಪ್ಪನಿಗೆ ಹನ್ನೆರಡು. ಅವತ್ತಿನಿಂದ ಅವನ ಬೆನ್ನೇ ಅವಳ ಕಾಲು. ಘೋಡಗೇರಿಯ ಹೊಲಕ್ಕೆ, ಹಳ್ಳಕ್ಕೆ, ರಾತ್ರಿಯ ಬಯಲಾಟಕ್ಕೆ ಅವಳು ಹೋದದ್ದು ಅಣ್ಣನ ಬೆನ್ನ ಮೇಲೆಯೇ. ತಂದೆ ತಾಯಿ ತೀರಿಕೊಂಡ ಮೇಲೆ ಗೋಕಾಕಕ್ಕೆ ಬಂದದ್ದೂ ಹಾಗೆಯೇ. ಅವನು ರಾವಸಾಹೇಬ ಸಾವಕಾರರ ಕಟ್ಟಿಗೆ ಅಡ್ಡೆಯಲ್ಲಿ ಬಡಿಗತನ ಕಲಿತು ಮಿಸ್ತ್ರಿಯಾದ. ಮೊದಲ ಇಲೆಕ್ಷನ್ನು ಬಂದಾಗ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡೇ ಮತ ಹಾಕಿಸಿಕೊಂಡು ಬಂದ. ಸಾಲಿನಲ್ಲಿ ನಿಂತವರು ಸರಿದು ದಾರಿ ಬಿಟ್ಟರು. ಇಂಥ ಅಣ್ಣ ಯಾರಿಗೆ ಸಿಗತಾನ ಎಂದು ಒಬ್ಬ ಮುದುಕಿ ಅಂದದ್ದು ಅವನ ಕಿವಿಯಲ್ಲಿ ಬಹಳ ದಿನ ಉಳಿದಿತ್ತು.

ಅದೇ ವರ್ಷ ಗೋಕಾಕ ಫಾಲ್ಸಿನ ಗಿರಣಿ ಬಂಗಲೆಯೊಂದರಲ್ಲಿದ್ದ ಬಿಳಿಯ ಸಾಹೇಬನ ಕುಟುಂಬ ತಮ್ಮ ದೇಶಕ್ಕೆ ಹೊರಟಿತು. ಸಾಮಾನು ತುಂಬಲು ಪೆಟ್ಟಿಗೆ ಮಾಡಿಕೊಡುವ ಕೆಲಸಕ್ಕೆ ಉದ್ದಪ್ಪ ಹೋಗಿದ್ದ. ಕಸದೊಳಗೆ ಒಂದು ಜೊತೆ ಕಬ್ಬಿಣದ ಬೂಟು ಬಿದ್ದಿದ್ದವು, ಕೆಳಗೆ ನಾಲ್ಕು ನಾಲ್ಕು ಗಾಲಿ. ಸಾಹೇಬನ ಮಗಳು ಇವನ್ನು ಕಟ್ಟಿಕೊಂಡು ವರಾಂಡದಲ್ಲಿ ಜಾರುತ್ತಿದ್ದಳು ಎಂದು ಅಡುಗೆಯವ ಹೇಳಿದ. ಉದ್ದಪ್ಪ ಬೂಟನ್ನು ತಿರುವಿ ನೋಡಿದ. ಎರಡು ಗಾಲಿಗೆ ಒಂದು ಅಚ್ಚು. ಅಚ್ಚಿನ ನಡುವೆ ಓರೆಯಾಗಿ ಒಂದು ಮೊಳೆ, ಮೊಳೆಗೆ ಪೋಣಿಸಿದ ರಬ್ಬರಿನ ಬಿಲ್ಲೆ, ಅದರ ಮೇಲೊಂದು ನಟ್ಟು. ಮೇಲಿನ ತಗಡನ್ನು ಎಡಕ್ಕೆ ಒತ್ತಿದರೆ ರಬ್ಬರು ಅಮುಕಿ ಅಚ್ಚು ತಾನಾಗಿ ಎಡಕ್ಕೆ ಹೊರಳುತ್ತಿತ್ತು. ಬಿಟ್ಟರೆ ನೆಟ್ಟಗಾಗುತ್ತಿತ್ತು. ಅವನು ಅದನ್ನು ಹತ್ತಿಪ್ಪತ್ತು ಸಲ ಒತ್ತಿ ಬಿಟ್ಟು ನೋಡಿದ. ಪೆಟ್ಟಿಗೆಯ ಕೆಲಸ ಮುಗಿದಾಗ ಬೂಟು ಕೇಳಿ ತಂದ.

ಸಾಗವಾನಿಯ ಹಲಗೆಯೊಂದನ್ನು ತಂಗಿ ಕೂರುವಷ್ಟು ಅಗಲಕ್ಕೆ ಕೊಯ್ದು ಒಂದು ಬೂಟಿನ ಎರಡು ಅಚ್ಚು ಬಿಚ್ಚಿ ಮುಂದೊಂದು ಹಿಂದೊಂದು ಬಡಿದ. ಹಲಗೆ ತಿರುಗಲಿಲ್ಲ, ಏಡಿಯ ಹಾಗೆ ಅಡ್ಡಡ್ಡ ಸರಿಯಿತು. ಮೂರು ದಿನ ತಲೆ ಕೆರೆದುಕೊಂಡ. ಕೊನೆಗೆ ಉಳಿದ ಬೂಟನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ ಗುಡ್ಡವ್ವನೇ ಕಂಡುಹಿಡಿದಳು. ಬೂಟಿನಲ್ಲಿ ಎರಡು ಅಚ್ಚೂ ಒಂದಕ್ಕೊಂದು ಮುಖ ಮಾಡಿ ಕೂತಿದ್ದವು, ಹಲಗೆಯಲ್ಲಿ ಒಂದರ ಬೆನ್ನಿಗೆ ಒಂದಿದ್ದವು. ಹಿಂದಿನದನ್ನು ತಿರುಗಿಸಿ ಬಡಿದದ್ದೇ ಹಲಗೆ ಮೀನಿನಂತೆ ಹೊರಳಿತು. ಅಚ್ಚು ಗಿಡ್ಡವಾಗಿ ಹಲಗೆ ಮಗುಚುತ್ತದೆಂದು ಕಮ್ಮಾರ ಬೀರಸಿದ್ದಪ್ಪನಿಂದ ಗೇಣುದ್ದದ ಬೇರೆ ಅಚ್ಚು ಮಾಡಿಸಿದ್ದಾಯಿತು. ಕಬ್ಬಿಣದ ಸಣ್ಣ ಗಾಲಿ ಫರಸಿ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆಂದು ಜಾಲಿಯ ದೊಡ್ಡ ಗಾಲಿ ಕಡೆದು ರಬ್ಬರಿನ ಪಟ್ಟಿ ಸುತ್ತಿದ. ಅವು ವಾಲಿದಾಗ ಹಲಗೆಗೆ ಉಜ್ಜುತ್ತವೆಂದು ನಡುವೆ ಬೆರಳು ದಪ್ಪದ ತುಂಡಿಟ್ಟು ಎತ್ತರಿಸಿದ. ಉಳಿದದ್ದು ರಬ್ಬರು ಎಷ್ಟು ಮೆತ್ತಗಿರಬೇಕು ಎಂಬುದೊಂದೇ. ಅದರಲ್ಲಿ ಗುಡ್ಡವ್ವ ಗೆದ್ದಳು.

ಎರಡು ಕೈಗೆ ಕಟ್ಟಿಗೆಯ ಎರಡು ಹಿಡಿ. ಅವನ್ನು ನೆಲಕ್ಕೆ ಒತ್ತಿ ದೂಡಿಕೊಂಡರೆ ಹಲಗೆ ಮುಂದೆ ಹೋಗುತ್ತಿತ್ತು. ತಿರುಗಬೇಕಾದ ಕಡೆ ಸೊಂಟ ವಾಲಿಸಿದರೆ ಸಾಕು. ಎಂಟು ದಿನದಲ್ಲಿ ಅವಳು ಅಂಗಳ ದಾಟಿದಳು, ಹದಿನೈದು ದಿನದಲ್ಲಿ ಓಣಿ. ತಿಂಗಳು ತುಂಬುವುದರೊಳಗೆ ಇಳಿಜಾರಿನ ಓಣಿಯ ಕೆಳಗೆ, ಮೂಲೆ ತಿರುಗಿದ ಮೇಲೆ ಮೂರನೆಯ ಮನೆಯಾದ ಕಾಶೆವ್ವನ ಕಡೆ ಕೆಲಸಕ್ಕೆ ನಿಂತಳು. ಕಾಶೆವ್ವ ವಿಧವೆ, ನಾಲ್ಕು ಹೆಂಗಸರನ್ನಿಟ್ಟುಕೊಂಡು ಕಟ್ಟಿಗೆಯ ಹಣ್ಣುಗಳಿಗೆ ಬಣ್ಣ ಹಾಕಿಸುತ್ತಿದ್ದಳು. ಗುಡ್ಡವ್ವನ ಕೈ ಅಲ್ಲಿ ತೆರೆದುಕೊಂಡಿತು. ಮಾವಿನ ಹಣ್ಣಿನ ತೊಟ್ಟಿನ ಬಳಿ ಕೆಂಪು ಹಳದಿಗೆ ಕರಗುವ ಹಾಗೆ ಅವಳು ಹಚ್ಚಿದರೆ ಎಲ್ಲಿ ಕೆಂಪು ಮುಗಿಯಿತು ಎಂದು ಹೇಳಲಾಗುತ್ತಿರಲಿಲ್ಲ.

ಮಳೆಗಾಲದ ಒಂದು ಸಂಜೆ ಮೋಡ ಕವಿಯಿತೆಂದು ಉದ್ದಪ್ಪ ಅವಳನ್ನು ಕರೆತರಲು ಹೋದ. ಕಾಶೆವ್ವನ ಹೊಸ್ತಿಲ ಮುಂದೆ, ಇಪ್ಪತ್ತು ವರ್ಷ ಮಾಡಿದಂತೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತ. ಹಿಂದಿನಿಂದ, "ಬ್ಯಾಡಣ್ಣಾ, ನಾನ ಬರತೇನಿ," ಎಂದು ಕೇಳಿಸಿತು. ಹೆಂಗಸರಿಬ್ಬರು ಹಲಗೆಯನ್ನು ಎತ್ತಿ ಓಣಿಗಿಟ್ಟರು. ಅವಳು ಅವನ ಪಕ್ಕದಿಂದ ಹಾದು ಮುಂದೆ ಹೋದಳು. ಮಾತಿನಲ್ಲಿ ಬಿರುಸೇನೂ ಇರಲಿಲ್ಲ. ಆದರೂ ಉದ್ದಪ್ಪ ತುಸು ಹೊತ್ತು ಹಾಗೆಯೇ ಕೂತಿದ್ದ, ಏಳುವುದು ಮರೆತವನಂತೆ.

ಮರುವಾರ ಅಡ್ಡೆಯಲ್ಲಿ ರಾವಸಾಹೇಬರು ಅವನನ್ನು ಬದಿಗೆ ಕರೆದರು. ಕೆಟ್ಟ ಮನುಷ್ಯರಲ್ಲ, ಗುಡ್ಡವ್ವನಿಗೆ ಹಬ್ಬಕ್ಕೆ ಸೀರೆ ಕೊಡುತ್ತಿದ್ದವರು. ಬಸದಿಗೆ ಹೋಗುವಾಗ ಅವಳನ್ನು ಓಣಿಯಲ್ಲಿ ನೋಡಿದೆ ಎಂದರು. "ಹೆಣ್ಣಮಗಳು ನೆಲಕ್ಕ ಹತ್ತಿ ಹೊಂಟಿದ್ಲಪಾ. ಮಂದಿ ಸರದ ನಿಂತ ನೋಡಾಕತ್ತಿದ್ರು. ನೀ ಇದ್ದಿಯಲ್ಲ ಉದ್ದಪ್ಪಾ?"

ಉದ್ದಪ್ಪ ಹೂಂರಿ ಅಂದ. ಮಧ್ಯಾಹ್ನವಿಡೀ ಕಟ್ಟಿಗೆಗೆ ರಂಧಾ ಹೊಡೆದು ನಯ ಮಾಡುತ್ತ ಆ ಒಂದು ಮಾತನ್ನೇ ನೆನೆದ. ನೀ ಇದ್ದಿಯಲ್ಲ.

ಮರುದಿನ ಮುಂಜಾನೆ ಗುಡ್ಡವ್ವ ಬಚ್ಚಲಲ್ಲಿದ್ದಾಗ ಅವನು ಹಲಗೆಯನ್ನು ಬೋರಲು ಹಾಕಿ ಎರಡೂ ನಟ್ಟಿಗೆ ಮೂರು ಮೂರು ಸುತ್ತು ಕೊಟ್ಟ. ರಬ್ಬರು ಅಂಚಿನಲ್ಲಿ ಉಬ್ಬಿ ಬಂತು. ಕೈಯಿಂದ ಒತ್ತಿ ನೋಡಿದ, ಅಚ್ಚು ಕದಲಲಿಲ್ಲ. ಆಮೇಲೆ ಎಷ್ಟೋ ಸಲ ಅವನು ಆ ಗಳಿಗೆಯನ್ನು ತನಗೆ ತಾನೇ ಒಪ್ಪಿಸಿಕೊಂಡ. ಹಲಗೆ ತಿರುಗದಿದ್ದರೆ ಅವಳು ಅಂಗಳದಲ್ಲೇ ಕೂತು ಅಣ್ಣಾ ಎಂದು ಕೂಗುತ್ತಾಳೆ, ರಬ್ಬರು ಹಾಳಾಗಿದೆ, ಬೇರೆ ಸಿಗುವವರೆಗೆ ಇರಲಿ ಎಂದು ಹೇಳುತ್ತೇನೆ, ಅಷ್ಟೇ ಎಂದುಕೊಂಡಿದ್ದ. ಆದರೆ ಅಂಗಳದಿಂದ ಓಣಿಗೆ ನೆಟ್ಟನೆಯ ದಾರಿ, ಓಣಿಯೂ ಮೂಲೆಯವರೆಗೆ ನೆಟ್ಟಗೆ. ಇಳಿಜಾರು ಮುಗಿಯುವ ತನಕ ಅವಳಿಗೆ ಎಲ್ಲಿಯೂ ವಾಲುವ ಕಾರಣವಿರಲಿಲ್ಲ. ಬಡಗಿಯಾದವನಿಗೆ ಅದು ಹೊಳೆಯಬೇಕಿತ್ತು. ಅವನು ಪಾನಾವನ್ನು ಚೀಲಕ್ಕೆ ಹಾಕಿಕೊಂಡು ಅಡ್ಡೆಗೆ ಹೋದ.

ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಕಟ್ಟೆಯಿತ್ತು. ಗುಡ್ಡವ್ವ ಎಂದಿನಂತೆ ವಾಲಿದಳು, ಹಲಗೆ ನೆಟ್ಟಗೆ ಹೋಯಿತು. ತಲೆಗೆ ಪೆಟ್ಟಾಗದಿರಲೆಂದು ಬಲಗೈ ಮುಂದೆ ಚಾಚಿದಳಂತೆ. ಸುದ್ದಿ ಮುಟ್ಟಿ ಉದ್ದಪ್ಪ ಓಡಿ ಬರುವಷ್ಟರಲ್ಲಿ ಅವಳನ್ನು ಮನೆಗೆ ತಂದು ಮಲಗಿಸಿದ್ದರು. ಬಲಗೈಯ ಮಣಿಕಟ್ಟು ಹೊರಳಿ ಬೇರೊಬ್ಬರ ಕೈಯಂತೆ ಕಾಣುತ್ತಿತ್ತು. ಹಲಗೆಯನ್ನು ಯಾರೋ ತಂದು ಗೋಡೆಗೆ ಆನಿಸಿದ್ದರು. ಎಲುಬು ಕಟ್ಟುವವರನ್ನು ಕರೆಯಲು ಮಂದಿ ಮಮದಾಪುರಕ್ಕೆ ಹೋಗಿದ್ದಾಗ, ಉದ್ದಪ್ಪ ಹಲಗೆಯನ್ನು ಹಿತ್ತಲಿಗೆ ಒಯ್ದು ನಟ್ಟುಗಳನ್ನು ಮೂರು ಮೂರು ಸುತ್ತು ಸಡಿಲ ಮಾಡಿದ. ತಲೆ ಎತ್ತಿದರೆ ಕೆಂಪವ್ವ ಬಾಗಿಲಲ್ಲಿ ನಿಂತಿದ್ದಳು. ಅವಳು ಅವನ ಕೈಯಲ್ಲಿದ್ದ ಪಾನಾ ನೋಡಿ ಒಳಗೆ ಹೋದಳು.

ಎಲುಬು ಕೂಡಿತು, ಆದರೆ ಮಣಿಕಟ್ಟು ಮೊದಲಿನಂತೆ ತಿರುಗಲಿಲ್ಲ. ಬೆರಳುಗಳು ರೊಟ್ಟಿ ಮುರಿಯುತ್ತಿದ್ದವು, ಸಣ್ಣ ಕುಂಚ ಹಿಡಿದರೆ ನಡುಗುತ್ತಿದ್ದವು. ನೋಡಲು ಬಂದವರಿಗೆಲ್ಲ ಗುಡ್ಡವ್ವ ಒಂದೇ ಮಾತು ಹೇಳುತ್ತಿದ್ದಳು. ಸೊಕ್ಕು ಬಂದಿತ್ತು ನನಗ, ಜೋರಾಗಿ ಬಿಟ್ಟೆ, ಸರಿಯಾಗಿ ವಾಲಲಿಲ್ಲ, ಅಣ್ಣ ಮೊದಲೇ ಹೇಳಿದ್ದ ಮೆತ್ತಂದು ಬ್ಯಾಡ ಅಂತ. ಉದ್ದಪ್ಪ ಅದನ್ನು ಪ್ರತಿ ಸಲ ಕೇಳಿಸಿಕೊಂಡ. ಅವಳನ್ನು ಮತ್ತೆ ಬೆನ್ನ ಮೇಲೆ ಹೊತ್ತು ಹೊಳೆಗೆ, ಬಿಸಿಲಿಗೆ ಒಯ್ಯುತ್ತಿದ್ದ. ಒಂದೇ ಕೈಯಿಂದ ಅವನ ಕೊರಳು ಹಿಡಿದುಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಅವಳು ಭಾರ ಎನಿಸಿರಲಿಲ್ಲ. ಈಗ ಓಣಿಯ ತುದಿ ಮುಟ್ಟುವುದರೊಳಗೆ ಅವಳನ್ನು ಒಮ್ಮೆ ಯಾರದಾದರೂ ಜಗಲಿಯ ಮೇಲೆ ಇಳಿಸಬೇಕಾಗುತ್ತಿತ್ತು.

"ಆಕಿ ತನ್ನದ ತಪ್ಪ ಅಂತ ತಿಳಕೊಂಡಾಳ್ರಿ," ಎಂದು ಕೆಂಪವ್ವ ಒಂದು ದಿನ ಬುತ್ತಿ ಕಟ್ಟುತ್ತ ಮೆಲ್ಲಗೆ ಅಂದಳು.

ಎರಡು ತಿಂಗಳಾದ ಮೇಲೆ ಗುಡ್ಡವ್ವ ಅಣ್ಣನನ್ನು ಕರೆದು, ಆ ಹಲಗೆ ಒಡೆದು ಒಲೆಗೆ ಹಾಕು ಎಂದಳು. ಸುಮ್ಮನೆ ಕಣ್ಣೆದುರಿಗೆ ಇರುವುದು ಬೇಡ, ಅದರ ಮೇಲೆ ಕೂರುವ ಯೋಗ್ಯತೆ ತನಗಿಲ್ಲ ಎಂದಳು. ಉದ್ದಪ್ಪ ಕೊಡಲಿ ತರಲು ಎದ್ದವನು ಹಾಗೆಯೇ ಗೋಡೆ ಹಿಡಿದು ಕೂತ.

"ಅವತ್ತ ಅದು ಹೊಳ್ಳತಿರಲಿಲ್ಲ ತಂಗಿ. ನಾ ನಟ್ಟ ಬಿಗದಿದ್ದೆ."

ಅವಳು ಎಡಗೈಯಿಂದ ಹಲಗೆಯನ್ನು ಹತ್ತಿರ ಎಳೆದುಕೊಂಡು ಅಚ್ಚು ಒತ್ತಿ ನೋಡಿದಳು.

"ಎಷ್ಟ ಸುತ್ತು?"

"ಮೂರು."

"ಈಗ ಸಡ್ಲ ಐತಿ. ಯಾವಾಗ ಸಡ್ಲ ಮಾಡಿದಿ?"

"ಅವತ್ತ. ನೀ ಒಳಗ ಮಲಗಿದ್ದಿ."

ಏಕೆ ಬಿಗಿದೆ ಎಂದು ಅವಳು ಕೇಳುತ್ತಾಳೆಂದು ಅವನು ಕಾದ. ರಾವಸಾಹೇಬರ ಮಾತು, ಇಳಿಜಾರು, ಮಂದಿಯ ಕಣ್ಣು ಎಲ್ಲವೂ ಅವನ ಬಾಯಲ್ಲಿದ್ದವು. ಅವಳು ಕೇಳಲಿಲ್ಲ. ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

"ಕೈ ಹೋಗಲಿ," ಎಂದಳು ಕಡೆಗೆ. "ಎರಡ ತಿಂಗಳ ನನ್ನ ನಾನ ಬೈಕೊಂಡ್ನಲ್ಲೋ ಅಣ್ಣಾ. ನೀ ಬಾಜೂಕ ಕುಂತ ಕೇಳಿದಿ."

ಹಲಗೆ ಒಲೆಗೆ ಹೋಗಲಿಲ್ಲ. ಮರುದಿನದಿಂದ ಅವಳು ಎಡಗೈಯೊಂದರಿಂದಲೇ ದೂಡಿಕೊಳ್ಳುವುದನ್ನು ಕಲಿತಳು. ಒಂದೇ ಕೈಯಾದರೆ ಹಲಗೆ ಬಲಕ್ಕೆ ಎಳೆಯುತ್ತದೆ, ಪ್ರತಿ ಸಲ ದೂಡಿದಾಗಲೂ ಎಡಕ್ಕೆ ವಾಲಿ ನೆಟ್ಟಗೆ ಮಾಡಿಕೊಳ್ಳಬೇಕು. ದೀಪಾವಳಿಗೆ ಮೊದಲು ಕಾಶೆವ್ವನ ಮನೆಯಲ್ಲೇ ಒಂದು ಕೋಣೆಗೆ ಹೋದಳು. ದಿನಾ ಇಳಿದು ಹತ್ತುವುದು ಒಂದು ಕೈಗೆ ಆಗುವುದಿಲ್ಲ ಎಂದು ಕೆಂಪವ್ವನಿಗೆ ಹೇಳಿದಳು. ಮಾತು ಖರೆಯೇ ಇತ್ತು. ಹಣ್ಣುಗಳಿಗೆ ಮೊದಲ ಪದರ ಬಣ್ಣ ಬಳಿಯುವ ಕೆಲಸ ಅವಳದು, ಅದಕ್ಕೆ ನಡುಗುವ ಕೈಯಾದರೂ ನಡೆಯುತ್ತದೆ. ಅಣ್ಣ ಹೋದಾಗ ಬಾ ಎನ್ನುತ್ತಿದ್ದಳು, ಚಹಾ ಮಾಡಿಸುತ್ತಿದ್ದಳು, ಕೆಂಪವ್ವನ ಸಮಾಚಾರ ಕೇಳುತ್ತಿದ್ದಳು. ಜಗಳವಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸುತ್ತಿತ್ತು.

ಸಂಕ್ರಾಂತಿಗೆ ಕೆಂಪವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿ ಕೊಟ್ಟಳು. ಉದ್ದಪ್ಪ ಒಯ್ದ. ಕಾಶೆವ್ವನ ಹೊಸ್ತಿಲ ಹತ್ತಿರ ಬಂದು ನಿಂತ. ಮೆಟ್ಟಿಲಿದ್ದ ಜಾಗದಲ್ಲಿ ಈಗ ಕಟ್ಟಿಗೆಯ ಇಳಿಜಾರೊಂದು ಕೂತಿತ್ತು, ಹೊಸ್ತಿಲಿನಿಂದ ಓಣಿಯವರೆಗೆ. ಹಲಗೆ ಜಾರದಂತೆ ಅಡ್ಡಡ್ಡ ಗೆರೆ ಕೊರೆದಿದ್ದರು.

ಹೊರಗೆ ಬಂದ ಕಾಶೆವ್ವ, ಮೂಡಲಗಿಯಿಂದ ಬಡಿಗೇರ ಒಬ್ಬ ಕಟ್ಟಿಗೆ ತರುತ್ತಾನೆ, ಗುಡ್ಡವ್ವ ಹೇಳಿ ಮಾಡಿಸಿಕೊಂಡಳು ಎಂದಳು. ಉದ್ದಪ್ಪನಿಗೆ ಗೊತ್ತಿರಬಹುದು ಎಂದುಕೊಂಡಿದ್ದಳಂತೆ.

"ಛಲೋ ಮಾಡ್ಯಾನ," ಎಂದ ಉದ್ದಪ್ಪ.

ಗುಡ್ಡವ್ವ ಬಳಿಯುವುದು ಮುಗಿಸಿ ಬರುತ್ತಾಳೆ, ಕೂಡ್ರು ಎಂದು ಹೇಳಿ ಕಾಶೆವ್ವ ರೊಟ್ಟಿಯ ಗಂಟು ತೆಗೆದುಕೊಂಡು ಒಳಗೆ ಹೋದಳು. ಉದ್ದಪ್ಪ ಬಗ್ಗಿ ಇಳಿಜಾರಿನ ಮೇಲೆ ಅಂಗೈ ಆಡಿಸಿದ. ಕೂಡಿಕೆ ಬಿಗಿಯಾಗಿತ್ತು, ಅಂಚು ನುಣುಪಾಗಿತ್ತು. ನಡುವೆ ಒಂದು ಕಡೆ ಮೊಳೆಯ ತಲೆ ಅಕ್ಕಿಯ ಕಾಳಿನಷ್ಟು ಮೇಲಿತ್ತು. ಗಾಲಿ ತಾಗುವ ಜಾಗ. ಅವನು ಅತ್ತಿತ್ತ ನೋಡಿ ಒಂದು ಕಲ್ಲು ಎತ್ತಿಕೊಂಡ. ಮೊಳೆಗೆ ಗುರಿ ಹಿಡಿದ ಕೈ ಹಾಗೆಯೇ ನಿಂತಿತು. ಗುಡ್ಡವ್ವನನ್ನು ಕೇಳಿರಲಿಲ್ಲ.

ಒಳಗೆ ಹೆಂಗಸರ ಮಾತು ಕೇಳಿಸುತ್ತಿತ್ತು, ನಡುವೆ ಗುಡ್ಡವ್ವನ ದನಿ. ಉದ್ದಪ್ಪ ಕಲ್ಲನ್ನು ಸದ್ದಾಗದಂತೆ ಕೆಳಗಿಟ್ಟು, ಹೊಸ್ತಿಲ ಹೊರಗೆ ಕೂತು, ಅವಳು ಬರುವುದನ್ನು ಕಾದ.