ಬೆರಳು ಎತ್ತು ನೋಡೋಣ

ನಾನು ಸೋತ ಪಾದವನ್ನು ಎತ್ತಿ ಹಿಡಿಯುವ ಒಂದು ಪ್ಲಾಸ್ಟಿಕ್ ಪಟ್ಟಿ. ಮೈಸೂರಿನ ಒಂದು ಕಾರ್ಖಾನೆಯ ಒಲೆಯಲ್ಲಿ ಹಸಿ ಹಪ್ಪಳದಂತೆ ಮೆತ್ತಗಾಗಿ, ಬಸ್ ಕಂಡಕ್ಟರ್ ಜಯಶೀಲಾಳ ಬಲಗಾಲಿನ ಪ್ಲಾಸ್ಟರ್ ಅಚ್ಚಿನ ಮೇಲೆ ಗಟ್ಟಿಯಾದೆ. ನೋಡಲು ಚೆಂದವಿಲ್ಲ, ಒಪ್ಪುತ್ತೇನೆ. ಆದರೆ ನನ್ನನ್ನು ಕಂಡು 'ಅಯ್ಯೋ ಪಾಪ' ಅನ್ನುವವರನ್ನು ಕಂಡರೆ ನನಗಾಗದು.

ನಾನು ಹುಟ್ಟುವುದಕ್ಕೆ ನುಂಗಿದ ಒಂದು ಮಾತು ಕಾರಣ. ಆ ಕಥೆಯನ್ನು ಜಯಶೀಲಾ ಡ್ರೈವರಿಗೆ ನೂರು ಸಲ ಹೇಳಿದ್ದಾಳೆ. ಅವಳ ಬೂಟಿನೊಳಗಿದ್ದು ನಾನೂ ಕೇಳಿದ್ದೇನೆ. ಅವಳ ಎರಡೂ ಮಂಡಿ ಹೊರಕ್ಕೆ ಬಾಗಿದ್ದವು. ಇಪ್ಪತ್ತು ವರ್ಷ ಬಸ್ಸಿನಲ್ಲಿ ನಿಂತು ನೋವು ತಡೆಯದಾದಾಗ, ಮೂಳೆ ಕತ್ತರಿಸಿ ಕಾಲು ನೆಟ್ಟಗೆ ಮಾಡುತ್ತೇವೆ ಎಂದರು ಡಾಕ್ಟರು. "ಮಂಡಿ ಪಕ್ಕದಲ್ಲೇ ಒಂದು ನರ ಹೋಗತ್ತಮ್ಮ. ಅದಕ್ಕೇನಾದ್ರೂ ಪೆಟ್ಟಾದ್ರೆ ಪಾದ..." ಅನ್ನುವಷ್ಟರಲ್ಲಿ ಅವಳ ಅಕ್ಕ ಸಾಕಮ್ಮ ಕೈ ಅಡ್ಡ ಹಿಡಿದಳು.

"ಬಿಡ್ತು ಅನ್ನಿ ಡಾಕ್ಟ್ರೇ. ಒಳ್ಳೆ ಕೆಲ್ಸಕ್ಕೆ ಹೊರಟಾಗ ಅಂಥ ಮಾತು ಆಡ್ಬಾರ್ದು."

ಡಾಕ್ಟರು ನಕ್ಕು, "ಬಿಡ್ತು" ಅಂದು, ಉಳಿದದ್ದನ್ನು ನುಂಗಿಕೊಂಡರು. ಜಯಶೀಲಾ ಸಹಿ ಹಾಕಿದಳು.

ಮೊದಲು ಬಲಗಾಲಿನ ಆಪರೇಷನ್. ಅದಾದ ಮೇಲೆ ಪಾದ ಜೋಮು ಹಿಡಿಯಿತು, ಬೆರಳು ಮೇಲೇಳಲಿಲ್ಲ. ಹೀಗೇ ಇರುತ್ತದೇನೋ ಅಂದುಕೊಂಡಳು. ನರ್ಸ್ ಕೇಳಿದಾಗಲೆಲ್ಲ "ಎಲ್ಲಾ ಚೆನ್ನಾಗೈತೆ" ಎಂದು ಸಾಕಮ್ಮನೇ ಉತ್ತರ ಕೊಟ್ಟಳು. ಮೂರನೆಯ ದಿನ ಡಾಕ್ಟರು ಬಿಗಿಯಾದ ಬ್ಯಾಂಡೇಜು ಬಿಚ್ಚಿಸುವ ಹೊತ್ತಿಗೆ ನರ ಸೊರಗಿತ್ತು. ಶಕ್ತಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು, ಪಾದ ಎತ್ತಿ ಹಿಡಿಯಲು ನನ್ನನ್ನು ಮಾಡಿಸಿಕೊಟ್ಟರು.

ಡಿಪೋದವರು ಇನ್ನು ಆಫೀಸಿನಲ್ಲಿ ಕೂತುಕೊಳ್ಳಿ ಎಂದರು. "ಕೂರೋಕೆ ಮನೇಲೇ ಜಾಗ ಐತೆ ಸಾರ್," ಅಂದಳು ಜಯಶೀಲಾ. ಬಸ್ಸು ಬಿಟ್ಟು ಬದುಕುವುದು ಅವಳಿಗೆ ಗೊತ್ತಿರಲಿಲ್ಲ. ಒಂದು ಸೈಜು ದೊಡ್ಡ ಬೂಟು ತಂದು, ನನ್ನನ್ನು ಒಳಗೆ ತೂರಿಸಿ ಮತ್ತೆ ಮೆಟ್ಟಿಲು ಹತ್ತಿದಳು. ಬೆವರಿಗೂ ಗುಂಡಿ ಬಿದ್ದ ರಸ್ತೆಗೂ ನಾನು ಜಗ್ಗಲಿಲ್ಲ. 'ಕುಂಟಿ' ಅಂದ ಒಬ್ಬನಿಗೆ ಅವಳು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಒಂಬತ್ತನೆಯ ತಿಂಗಳಲ್ಲಿ ಹೆಬ್ಬೆರಳು ಅಲುಗಿತು. ಒಂದೂವರೆ ವರ್ಷಕ್ಕೆ ಪಾದ ತಾನಾಗಿಯೇ ಎದ್ದಿತು. ನನ್ನ ಕೆಲಸ ಹೋಯಿತು, ನನಗೆ ಸಂತೋಷವೇ ಆಯಿತು.

ಆಮೇಲೆ ಎಡಮಂಡಿಯ ಸರದಿ. ಬೇಡವೆಂದು ಸಾಕಮ್ಮ ಅತ್ತಳು. ಜಯಶೀಲಾ ಅವಳನ್ನೂ ಕರೆದುಕೊಂಡು ಹೋಗಿ, ನನ್ನನ್ನು ಅದೇ ಡಾಕ್ಟರ ಮೇಜಿನ ಮೇಲೆ ಟಪ್ಪೆಂದು ಇಟ್ಟಳು.

"ಹೋದ್ಸಲ ನುಂಗಿದ್ದನ್ನ ಈಗ ಪೂರ್ತಿ ಹೇಳಿ. ನಮ್ಮಕ್ಕನೂ ಕೇಳ್ಲಿ."

ಅವರು ಒಂದೂ ಬಿಡದೆ ಹೇಳಿದರು. ನರಕ್ಕೆ ಪೆಟ್ಟಾಗುವ ಸಂಭವ ಕಡಿಮೆ, ಆದರೆ ಇದೆ. ಜೋಮು ಬಿಡದಿದ್ದರೆ, ಬೆರಳು ಏಳದಿದ್ದರೆ ತಕ್ಷಣ ತಿಳಿಸಬೇಕು. ಅಡ್ಡ ಹಿಡಿಯಲು ಎತ್ತಿದ ಕೈಯನ್ನು ಸಾಕಮ್ಮ ತಾನೇ ಇಳಿಸಿದಳು.

ಈ ಸಲ ಅರಿವಳಿಕೆ ಇಳಿದದ್ದೇ ತಡ, ಸಾಕಮ್ಮ ನನ್ನನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಕಾಲುದೆಸೆಯಲ್ಲಿ ಕೂತಳು.

"ಬೆರಳು ಎತ್ತು ನೋಡೋಣ."

"ಈಗ್ತಾನೆ ಎತ್ತಿದೆನಲ್ಲಕ್ಕ."

"ಇನ್ನೊಂದ್ಸಲ ಎತ್ತು. ಚೆನ್ನಾಗೈತೆ ಅನ್ನೋ ಮಾತು ನಾನು ನಂಬಲ್ಲ."

ಐದೂ ಬೆರಳು ಎದ್ದವು. ಸಾಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗಂಟೆ ಬಿಟ್ಟು ಮತ್ತೆ ಎತ್ತಿಸಿದಳು.

ಜಯಶೀಲಾ ಬಿಟ್ಟುಹೋದ ನಾನೀಗ ಆ ಡಾಕ್ಟರ ಮೇಜಿನ ಮೂಲೆಯಲ್ಲಿದ್ದೇನೆ. ಅಂಚು ಬಿರಿದಿದೆ, ಬೆವರಿನ ಕಲೆ ಹೋಗಿಲ್ಲ. ರೋಗಿಗಳು ಸಹಿ ಹಾಕುವ ಹೊತ್ತಿಗೆ ಜೊತೆಗೆ ಬಂದ ಯಾರೋ ಒಬ್ಬರು "ಬಿಡ್ತು ಅನ್ನಿ" ಅಂದೇ ಅನ್ನುತ್ತಾರೆ. ಡಾಕ್ಟರು ಈಗ ಹಾಗೆ ಅನ್ನುವುದಿಲ್ಲ. ನನ್ನನ್ನು ಹಾಗೆಂದವರ ಕೈಗೆ ಕೊಟ್ಟು, ಏನನ್ನೂ ನುಂಗದೆ ಮಾತು ಪೂರ್ತಿ ಮುಗಿಸುತ್ತಾರೆ.