ಹೇಳಿಕೊಟ್ಟ ಸಾಲು

ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಪ್ರಾಂಪ್ಟರ್ ಆಗಿದ್ದವನು ನಾನು. ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಮುಂದಿನ ಸಾಲು ಪಿಸುಗುಟ್ಟುವ ಕಸುಬು. ರಾಜನ ಪಾರ್ಟಿನವನು ಕಣ್ಣುಕಣ್ಣು ಬಿಟ್ಟಾಗ ಮಾನ ಉಳಿಸುತ್ತಿದ್ದವನು ನಾನು; ಚಪ್ಪಾಳೆ ಮಾತ್ರ ಅವನಿಗೆ.

ಮೊನ್ನೆ ಸಂಜೆ ಮಗಳ ಮೊದಲ ನಾಟಕ. ಬರೆದವಳೂ ಅವಳೇ, ಆಡುವವಳೂ ಅವಳೇ. ನಾಟಕ ಕಲಿಯಲು ಮನೆ ಬಿಟ್ಟಂದಿನಿಂದ ನಮ್ಮಿಬ್ಬರ ಮಾತುಕತೆ ಅಷ್ಟಕ್ಕಷ್ಟೇ. ಟಿಕೆಟ್ಟನ್ನೂ ಅವಳಮ್ಮನ ಕೈಗೇ ಕೊಟ್ಟಿದ್ದಳು. ಇವತ್ತಾದರೂ ಕೈ ನೋಯುವಷ್ಟು ಚಪ್ಪಾಳೆ ತಟ್ಟಿ ರಾಜಿಯಾಗಬೇಕೆಂದು ಹೊರಟಿದ್ದೆ.

ಹೊಸಗಾಲದ ನಾಟಕ. ಸೀನರಿ ಇಲ್ಲ, ಹಾಡಿಲ್ಲ, ಒಂದು ಖಾಲಿ ಕುರ್ಚಿ. ಅದೇ ಅಪ್ಪನಂತೆ! "ಅಪ್ಪನ ಪಾರ್ಟಿಗೆ ಒಬ್ಬನೂ ಸಿಗಲಿಲ್ವಾ?" ಅಂದೆ. ಹೆಂಡತಿ ತೊಡೆ ಚಿವುಟಿದಳು. ಮಾತುಗಳೆಲ್ಲ ನನಗೆ ಬಾಯಿಪಾಠ. ತಿಂಗಳ ಹಿಂದೆ ಮನೆಗೆ ಬಂದಿದ್ದವಳು ಅಡುಗೆಮನೆಯಲ್ಲಿ ದಿನವೂ ಒಪ್ಪಿಸುತ್ತಿದ್ದುದು ಕಿವಿಗೆ ಬೀಳದೆ ಇರುತ್ತದೆಯೇ?

ಕೊನೆಯ ದೃಶ್ಯ. ಪೆಟ್ಟಿಗೆ ಹಿಡಿದು ಕುರ್ಚಿಯ ಮುಂದೆ ನಿಂತಳು. "ನಾನು ಹೋಗಲಾ, ಅಪ್ಪಾ?"

ಆಮೇಲೆ ಮಾತೇ ಇಲ್ಲ. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಮನೆಯಲ್ಲಿ ಒಪ್ಪಿಸುವಾಗ ಈ ಜಾಗದಲ್ಲಿ ನಿಲ್ಲಿಸುತ್ತಲೇ ಇರಲಿಲ್ಲ. ಮರೆತೇಬಿಟ್ಟಳು ಅಂದುಕೊಂಡೆ. ಹಳೆಯ ಚಾಳಿ, ನಾಲಿಗೆ ಕೇಳಲಿಲ್ಲ. "ಸರಿ, ಹಾಗಾದರೆ ಹೊರಟೆ," ಎಂದು ಪಿಸುಗುಟ್ಟಿದೆ.

ವಾದ್ಯಗಳ ಗದ್ದಲದಲ್ಲಿ ಪಳಗಿದ ಪಿಸುಮಾತು ಅದು. ಆ ನಿಶ್ಶಬ್ದದಲ್ಲಿ ಕೊನೆಯ ಸಾಲಿನವರಿಗೂ ಕೇಳಿತು. ಸಭೆ ಗೊಳ್ಳೆಂದಿತು. ಮಗಳು ನಗು ಅಡಗುವ ತನಕ ಕಾದು, ನಾನು ಹೇಳಿಕೊಟ್ಟ ಸಾಲನ್ನೇ ಹೇಳಿ ಒಳಗೆ ಹೋದಳು. ನಾಚಿಕೆಯಿಂದ ಭೂಮಿಗಿಳಿದುಹೋದೆ. ತಟ್ಟಬೇಕೆಂದಿದ್ದ ಕೈ ಮೇಲೇಳಲೇ ಇಲ್ಲ.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದೆ. ಮಗಳು ಕನ್ನಡಿಯ ಮುಂದೆ ಕೂತು ಮುಖ ಒರೆಸುತ್ತಿದ್ದಳು.

"ಮರೆತೆ ಅಂದ್ಕೊಂಡೆ ಕಣಮ್ಮಾ. ತಪ್ಪಾಯ್ತು."

"ಮರೆತಿರ್ಲಿಲ್ಲ. ಅಲ್ಲಿ ಎರಡು ನಿಮಿಷ ಸುಮ್ನೆ ನಿಲ್ಬೇಕಿತ್ತು. ಆ ಹುಡುಗಿ ಅಪ್ಪನ ಉತ್ತರಕ್ಕೆ ಕಾಯ್ತಾಳೆ. ಅವರು ಏನೂ ಹೇಳಲ್ಲ."

ಆಗ ಹೊಳೆಯಿತು. ಮನೆ ಬಿಟ್ಟ ದಿನ ಇವಳು ಹೀಗೇ ಪೆಟ್ಟಿಗೆ ಹಿಡಿದು, ಇದನ್ನೇ ಕೇಳಿದ್ದಳು. ನಾನು ಪೇಪರಿನಿಂದ ತಲೆ ಎತ್ತಿರಲಿಲ್ಲ. ಎಷ್ಟು ಹೊತ್ತು ನಿಂತಿದ್ದಳೋ, ಅದೂ ನನಗೆ ಗೊತ್ತಿಲ್ಲ.

"ಇವತ್ತು ನೀವು ಹೇಳ್ಕೊಟ್ಟಿದ್ದು ನನ್ನ ಮಾತು, ಅಪ್ಪಾ," ಅಂದಳು. "ನಾನು ಕಾಯ್ತಿದ್ದದ್ದು ನಿಮ್ಮ ಮಾತಿಗೆ."

ಬಾಯಿ ತೆರೆದೆ. ಒಂದಕ್ಷರವೂ ಬರಲಿಲ್ಲ. ಅವಳು ಬಣ್ಣ ಒರೆಸುವುದನ್ನು ನಿಲ್ಲಿಸಿ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ, ಈ ಸಲವೂ ಕಾದಳು.